ಕಲ್ಲಿಗೂ ಬೇಕು ಪೂರ್ವಾಪರ

ಬಳ್ಳಾರಿ ಊರು ಬಿಟ್ಟು ಐದಾರು ಕಿಲೋಮೀಟರ್ ಹೋದರೆ ಸಂಗನಕಲ್ಲು, ಅದರ ಮಗ್ಗುಲಿಗೇ ಕಪ್ಪಗಲ್ಲು. ಸುತ್ತಲಿನ ಗ್ರಾನೈಟ್ ಬೆಟ್ಟಗಳಲ್ಲಿ ದೊಡ್ಡದಾದ ಹಿರೇಗುಡ್ಡವನ್ನು ಕಪ್ಪು ಬಂಡೆಗಳ ಸಾಲೊಂದು ಸೀಳಿಕೊಂಡು ಹೋಗಿದೆ. ಭೂಗರ್ಭದಿಂದ ಉಕ್ಕಿದ ಶಿಲಾರಸ ಗ್ರಾನೈಟಿನ ಬಿರುಕಿನಲ್ಲಿ ಹರಿದು ಗಟ್ಟಿಯಾಗಿ ಆದ ಡೋಲೆರೈಟ್ ಅದು. ಆ ಕಪ್ಪು ಬಂಡೆಗಳ ಮೇಲೆ ನೂರಾರು ಚಿತ್ರಗಳಿವೆ. ಉದ್ದ ಕೊಂಬಿನ ದನಗಳು ಹೆಚ್ಚು, ಅವುಗಳ ನಡುವೆ ಮನುಷ್ಯರೂ ಪಾದದ ಗುರುತುಗಳೂ ಇವೆ. ಇವು ಬಣ್ಣದಲ್ಲಿ ಬರೆದವಲ್ಲ, ಉಳಿಯಿಂದ ಕೆತ್ತಿದವೂ ಅಲ್ಲ. ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ ಮೂಡಿಸಿದವು. ಅದಕ್ಕೇ ಇವಕ್ಕೆ ಕುಟ್ಟುಚಿತ್ರ ಎನ್ನುತ್ತಾರೆ. ಕೆಲವು ನವಶಿಲಾಯುಗದವು, ಕೆಲವು ಅದಕ್ಕಿಂತ ಈಚಿನವು, ಮತ್ತೆ ಕೆಲವು ತೀರ ನಮ್ಮ ಕಾಲದವು. ಎಲ್ಲವೂ ಒಂದೇ ಬೆಟ್ಟದಲ್ಲಿ, ಎಷ್ಟೋ ಸಲ ಒಂದೇ ಬಂಡೆಯಲ್ಲಿ.

ಇವುಗಳಲ್ಲಿ ಹಳೆಯದು ಯಾವುದು, ಹಳೆಯದರ ಹಾಗೆ ಕಾಣುವುದು ಯಾವುದು? ಕಪ್ಪಗಲ್ಲಿನ ಬೆಟ್ಟ ಹತ್ತಿದವರಿಗೆಲ್ಲ ಎದುರಾಗುವ ಪ್ರಶ್ನೆ ಇದು. ಹಳೆಯ ನಾಣ್ಯ, ಅಂಚೆಚೀಟಿ, ತಾಮ್ರಪಟ, ಆಟಗಾರರ ಚಿತ್ರವಿರುವ ಸಿಗರೇಟ್ ಕಾರ್ಡು ಕೂಡಿಡುವವರೂ ಇದನ್ನೇ ಕೇಳುತ್ತಾರೆ. ಉತ್ತರ ಹುಡುಕುವ ದಾರಿಗಳೂ ಆಶ್ಚರ್ಯವಾಗುವಷ್ಟು ಒಂದೇ ತೆರ.

ಮೊದಲ ಸಾಕ್ಷಿ ಬಂಡೆಯ ಮೈಬಣ್ಣ. ಡೋಲೆರೈಟಿನಲ್ಲಿ ಕಬ್ಬಿಣ ಮತ್ತು ಮೆಗ್ನೀಸಿಯಂ ಇರುವ ಖನಿಜಗಳು ಧಾರಾಳ. ಗುಂಡುಕಲ್ಲಿನಿಂದ ಕುಟ್ಟಿದಾಗ ಮೇಲಿನ ಹರಳುಗಳು ನುಗ್ಗಾಗಿ ಆ ಜಾಗ ಮಾಸಲು ಬೂದಿಬಣ್ಣಕ್ಕೆ ತಿರುಗುತ್ತದೆ, ಕಪ್ಪು ಹಿನ್ನೆಲೆಯಲ್ಲಿ ಎದ್ದು ಕಾಣುತ್ತದೆ. ಆಮೇಲೆ ಗಾಳಿ, ಮಳೆ, ಬಿಸಿಲು ತಮ್ಮ ಕೆಲಸ ಶುರುಮಾಡುತ್ತವೆ. ಕಬ್ಬಿಣ ಆಕ್ಸಿಜನ್ ಜೊತೆ ಕೂಡಿ ಕಂದು ಪದರವಾಗಿ ಕೂರುತ್ತದೆ. ಶತಮಾನಗಳು ಉರುಳಿದಂತೆ ಚಿತ್ರ ಬಂಡೆಯ ಬಣ್ಣದೊಳಗೆ ಕರಗುತ್ತ ಹೋಗುತ್ತದೆ. ಹಾಗಾಗಿ ಇಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣುವ ಚಿತ್ರವೇ ಹೊಸದು. ಎದುರಿಗೇ ನಿಂತರೂ ಕಾಣದೆ, ಇಳಿಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಕೊಂಬು ತೋರಿಸುವ ಎತ್ತು ಹಳೆಯದು.

ಆದರೆ ಈ ಕಂದು ಪದರವನ್ನು ಗಡಿಯಾರ ಎಂದು ನಂಬುವ ಹಾಗಿಲ್ಲ. ಮಳೆನೀರು ಹರಿಯುವ ಮುಖ ಬೇಗ ಮಾಗುತ್ತದೆ, ಮರೆಯಲ್ಲಿರುವ ಮುಖ ನಿಧಾನ. ಒಂದು ಬಂಡೆಯ ಚಿತ್ರವನ್ನು ಇನ್ನೊಂದು ಬಂಡೆಯದರ ಜೊತೆ ಹೋಲಿಸಿ ವರ್ಷ ಹೇಳಿದರೆ ತಪ್ಪುತ್ತದೆ. ಒಂದೇ ಬಂಡೆಯ ಒಂದೇ ಮುಖದಲ್ಲಿ ಇದು ಮೊದಲು, ಅದು ಆಮೇಲೆ ಎಂದು ಹೇಳುವುದಕ್ಕೆ ಮಾತ್ರ ಅದು ನೆರವಾಗುತ್ತದೆ. ಒಂದು ಎತ್ತಿನ ಕೊಂಬು ಇನ್ನೊಂದರ ಬೆನ್ನನ್ನು ಹಾದುಹೋಗಿರುವ ಕಡೆ ಭೂತಗನ್ನಡಿ ಹಿಡಿದು ನೋಡಿದರೆ, ಯಾವ ಕುಟ್ಟುಗುರುತು ಯಾವುದನ್ನು ಅಳಿಸಿದೆ ಎಂಬುದೂ ತಿಳಿಯುತ್ತದೆ.

ಇನ್ನೊಂದು ಸಾಕ್ಷಿ ಕಾಗದದ ಮೇಲಿನದು. ಬಳ್ಳಾರಿಯಲ್ಲಿ ಅಧಿಕಾರಿಯಾಗಿದ್ದ ಹ್ಯೂಬರ್ಟ್ ನಾಕ್ಸ್ ಈ ಚಿತ್ರಗಳನ್ನು ಗುರುತಿಸಿದರು. ಮದ್ರಾಸ್ ಪ್ರಾಂತ್ಯದ ಪೊಲೀಸ್ ಅಧಿಕಾರಿ ಎಫ್. ಫಾಸೆಟ್ 1892ರಲ್ಲಿ ಇವುಗಳ ಬಗ್ಗೆ ಲೇಖನ ಪ್ರಕಟಿಸಿದರು. ಆಗಿನ ಫೋಟೋಗಳು ಲಂಡನ್ನಿನ ರಾಯಲ್ ಆಂತ್ರೊಪಾಲಜಿಕಲ್ ಇನ್‌ಸ್ಟಿಟ್ಯೂಟ್ ಸೇರಿದವು. 1951ರಲ್ಲಿ ಡಿ.ಎಚ್. ಗಾರ್ಡನ್ 'ಮ್ಯಾನ್' ಪತ್ರಿಕೆಯಲ್ಲಿ ಇವೇ ಚಿತ್ರಗಳ ಬಗ್ಗೆ ಬರೆದರು. ಆದರೆ ಬೆಟ್ಟದಲ್ಲಿ ಆ ಬಂಡೆಗಳು ನಿಖರವಾಗಿ ಎಲ್ಲಿವೆ ಎಂಬುದು ವಿದ್ವಾಂಸರ ಲೆಕ್ಕದಿಂದ ಜಾರಿಹೋಯಿತು. ಕೇಂಬ್ರಿಜ್‌ನ ನಿಕೋಲ್ ಬೊಯ್ವಿನ್ 2002ರ ಹೊತ್ತಿಗೆ ಅವನ್ನು ಮತ್ತೆ ಗುರುತಿಸಿ ದಾಖಲಿಸಿದರು. 2004ರಲ್ಲಿ 'ಆಂಟಿಕ್ವಿಟಿ' ಪತ್ರಿಕೆಯಲ್ಲಿ ವರದಿ ಬಂತು. ಈ ಬಂಡೆಗಳಲ್ಲಿ ಕೆಲವಕ್ಕೆ ಬಟ್ಟಲಿನಂಥ ಸಣ್ಣ ಗುಳಿಗಳಿವೆ, ಅಲ್ಲಿ ಗ್ರಾನೈಟ್ ಚೂರಿನಿಂದ ಬಡಿದರೆ ಜಾಗಟೆಯಂತೆ ನಾದ ಬರುತ್ತದೆ ಎಂಬ ಸಂಗತಿ ಜಗತ್ತಿಗೆಲ್ಲ ಸುದ್ದಿಯಾದದ್ದು ಆಗಲೇ. ಊರಿನವರಿಗೆ ಅದು ಮೊದಲೇ ಗೊತ್ತಿತ್ತು.

ಹಳೆಯ ಫೋಟೋ ಎಂದರೆ ಒಂದು ಗಡುವು. ಅದರಲ್ಲಿ ಕಾಣುವ ಚಿತ್ರ ಫೋಟೋ ತೆಗೆದ ದಿನಕ್ಕಿಂತ ಈಚಿನದಾಗಿರಲು ಸಾಧ್ಯವೇ ಇಲ್ಲ. ಇವತ್ತು ಬಂಡೆಯ ಮೇಲಿದ್ದು ಅಂದಿನ ಫೋಟೋದಲ್ಲಿ ಇಲ್ಲದಿದ್ದರೆ ಅದು ಆಮೇಲಿನವರ ಕೈಕೆಲಸವೆಂದು ಸಂಶಯಪಡಬಹುದು. ಫೋಟೋದಲ್ಲಿದ್ದು ಇವತ್ತು ಇಲ್ಲದಿದ್ದರೆ ನಾವು ಕಳೆದುಕೊಂಡದ್ದು ಏನು ಎಂಬುದರ ಪಟ್ಟಿ ಸಿಗುತ್ತದೆ. ಗ್ರಾನೈಟಿಗಾಗಿ ಗುಡ್ಡ ಒಡೆಯುವ ಸೀಮೆಯಲ್ಲಿ ಈ ಪಟ್ಟಿಗೆ ಬಹಳ ಬೆಲೆ.

ಕಾಗದವನ್ನೇ ಪರೀಕ್ಷಿಸಬೇಕಾಗಿ ಬಂದಾಗಲೂ ತರ್ಕ ಇದೇ. ಕ್ಯೂಬಾ ದೇಶದ ಹಳೆಯ ಬೇಸ್‌ಬಾಲ್ ಕಾರ್ಡುಗಳನ್ನು ನೋಡಿ. 1923–24ರ ಬಿಲ್ಲಿಕೆನ್ ಸಿಗರೇಟ್ ಕಾರ್ಡು, 1945–46ರ ಕ್ಯಾರಮೆಲೊ ದೆಪೋರ್ತೀವೊ ಮಿಠಾಯಿ ಕಾರ್ಡು ಇವತ್ತು ಸಂಗ್ರಾಹಕರ ಕಣ್ಮಣಿ. ಅದಕ್ಕೊಂದು ದೊಡ್ಡ ಕಾರಣವಿದೆ. 1947ರಲ್ಲಿ ಜಾಕಿ ರಾಬಿನ್ಸನ್ ಮೈದಾನಕ್ಕಿಳಿಯುವ ತನಕ ಇಪ್ಪತ್ತನೇ ಶತಮಾನದ ಅಮೆರಿಕದ ಮುಖ್ಯ ಲೀಗುಗಳಲ್ಲಿ ಕಪ್ಪು ಆಟಗಾರರಿಗೆ ಜಾಗವಿರಲಿಲ್ಲ. ಚಳಿಗಾಲದಲ್ಲಿ ಅವರು ಕ್ಯೂಬಾಕ್ಕೆ ಹೋಗಿ ಆಡುತ್ತಿದ್ದರು. ಆಸ್ಕರ್ ಚಾರ್ಲ್‌ಸ್ಟನ್‌ರಂಥ ಮಹಾನ್ ಆಟಗಾರನ ಮುಖ ಬಿಲ್ಲಿಕೆನ್ ಕಾರ್ಡಿನಲ್ಲಿ ಸಿಗುತ್ತದೆ. ಹೀಗೆ ಒಂದು ಸಿಗರೇಟ್ ಪೊಟ್ಟಣದ ಚೂರು ಒಂದು ಜನಾಂಗದ ಆಟದ ಚರಿತ್ರೆಗೆ ದಾಖಲೆಯಾಗಿದೆ. ಬೆಲೆ ಏರಿದ ಕಡೆ ನಕಲಿಯೂ ಹುಟ್ಟುತ್ತದೆ.

ನಕಲಿಯನ್ನು ಹಿಡಿಯುವ ಮೊದಲ ಸಾಧನ ನೇರಳಾತೀತ ದೀಪ. ಕಾಗದವನ್ನು ಬೆಳ್ಳಗೆ ಹೊಳೆಯಿಸುವ ರಾಸಾಯನಿಕಗಳು ಕಾಗದದ ಕಾರ್ಖಾನೆಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದದ್ದು 1950ರ ಸುಮಾರಿಗೆ. ಇವು ಕಣ್ಣಿಗೆ ಕಾಣದ ನೇರಳಾತೀತ ಕಿರಣ ಹೀರಿ ನೀಲಿ ಬೆಳಕು ಹೊರಸೂಸುತ್ತವೆ. 1923ರದೆಂದು ಹೇಳುವ ಕಾರ್ಡು ಆ ದೀಪದಡಿ ನೀಲಿಯಾಗಿ ಬೆಳಗಿತೆಂದರೆ ಅದರ ಕಥೆ ಅಲ್ಲಿಗೇ ಮುಗಿಯಿತು. ಬಳ್ಳಾರಿಯ ಯಾವುದೇ ಬ್ಯಾಂಕಿನ ಕ್ಯಾಷಿಯರ್ ನೋಟನ್ನು ಒಡ್ಡುವುದೂ ಇಂಥದೇ ದೀಪಕ್ಕೆ. ಅಸಲಿ ನೋಟಿನ ಹತ್ತಿಕಾಗದ ಮಂಕಾಗಿಯೇ ಉಳಿಯುತ್ತದೆ, ಅಲ್ಲಲ್ಲಿ ಬೇಕೆಂದೇ ಸೇರಿಸಿದ ಎಳೆಗಳು ಮತ್ತು ನಂಬರು ಮಾತ್ರ ಮಿನುಗುತ್ತವೆ. ಎರಡನೆಯದು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ. ಹೊಸ ಮುದ್ರಣ ಯಂತ್ರಗಳು ಹಳೆಯ ಕಾರ್ಡನ್ನು ನಕಲು ಮಾಡಿದಾಗ ಒಂದೇ ಬಣ್ಣದಂತೆ ಕಾಣುವ ಅಕ್ಷರವೂ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳಾಗಿ ಒಡೆಯುತ್ತದೆ. ಮೂರನೆಯದು ಕಾರ್ಡಿನ ಬೆನ್ನು. ಕ್ಯಾರಮೆಲೊ ಕಾರ್ಡುಗಳನ್ನು ಮಕ್ಕಳು ಆಲ್ಬಮ್ಮಿಗೆ ಅಂಟಿಸುತ್ತಿದ್ದರು. ಹಿಂಭಾಗದಲ್ಲಿ ಅಂಟಿನ ಕಲೆ, ಹರಿದ ಕಾಗದದ ಸಿಪ್ಪೆ ಇರುವುದು ಸಹಜ. ಒಂದು ಕಲೆಯೂ ಇಲ್ಲದ ಬೆನ್ನು ಕಂಡರೆ ಇನ್ನಷ್ಟು ಪ್ರಶ್ನೆ ಕೇಳಬೇಕಾಗುತ್ತದೆ.

ಇಷ್ಟಾದರೂ ಅಸಲಿ ವಸ್ತುವೇ ಮೋಸ ಮಾಡುವುದುಂಟು. 1909–11ರ ನಡುವೆ ಅಮೆರಿಕನ್ ಟೊಬ್ಯಾಕೊ ಕಂಪನಿ ಹೊರತಂದ, ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಚಿತ್ರವಿರುವ ಕಾರ್ಡುಗಳಲ್ಲಿ ಒಂದು 2007ರಲ್ಲಿ 28 ಲಕ್ಷ ಡಾಲರಿಗೆ ಮಾರಾಟವಾಯಿತು. ಅದರ ಅಂಚುಗಳು ಅಷ್ಟು ನೇರವಾಗಿದ್ದುದರಿಂದಲೇ ಅಷ್ಟು ಬೆಲೆ. ಕಾಗದ ಅಸಲಿ, ಮುದ್ರಣ ಅಸಲಿ, ಕಾಲವೂ ಅಸಲಿ. ಆದರೆ ಅಂಚನ್ನು ಕತ್ತರಿಸಿ ಚೊಕ್ಕ ಮಾಡಿದ್ದು ತಾನೇ ಎಂದು ಹರಾಜುಗಾರ ಬಿಲ್ ಮ್ಯಾಸ್ಟ್ರೊ 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ವಸ್ತು ನಿಜವಾಗಿದ್ದು ಅದರ ಸ್ಥಿತಿಯ ಬಗೆಗಿನ ಕಥೆ ಸುಳ್ಳಾಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಬಳ್ಳಾರಿಯ ಕಲ್ಲುಕೊಡಲಿಗಳ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಹಿರೇಗುಡ್ಡದ ಅದೇ ಡೋಲೆರೈಟ್ ಸಾಲು ಒಂದು ಕಾಲಕ್ಕೆ ಕೊಡಲಿಗಳ ದೊಡ್ಡ ತಯಾರಿಕಾ ಸ್ಥಳ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ನಿಕೋಲ್ ಬೊಯ್ವಿನ್, ಡೋರಿಯನ್ ಫುಲ್ಲರ್, ಆಡಂ ಬ್ರೂಮ್ ಮತ್ತು ಸಂಗಡಿಗರು ಇಲ್ಲಿ ಸಮೀಕ್ಷೆ, ಉತ್ಖನನ ನಡೆಸಿ ಕೆಲಸದ ಒಂದೊಂದು ಹಂತವನ್ನೂ ಬಿಡಿಸಿ ತೋರಿಸಿದರು. ಮೊದಲು ದೊಡ್ಡ ಗುಂಡಿನಿಂದ ಚಕ್ಕೆ ಎಬ್ಬಿಸಿ ಕೊಡಲಿಯ ಅಂದಾಜು ಆಕಾರ ತರುತ್ತಿದ್ದರು. ಆಮೇಲೆ ಏಣುಗಳನ್ನು ಸಣ್ಣಗೆ ಕುಟ್ಟಿ ಸಮ ಮಾಡುತ್ತಿದ್ದರು. ಕೊನೆಗೆ ನೀರು, ಮರಳು ಹಾಕಿ ಗ್ರಾನೈಟ್ ಬಂಡೆಯ ಮೇಲೆ ಮಸೆದು ಬಾಯಿ ಹರಿತಗೊಳಿಸುತ್ತಿದ್ದರು. ಮಸೆದೂ ಮಸೆದೂ ಬಂಡೆಯಲ್ಲಿ ಬಿದ್ದ ನುಣುಪಾದ ತೋಡುಗಳು ಈಗಲೂ ಉಳಿದಿವೆ. ಕ್ರಿ.ಪೂ. 1400ರಿಂದ 1200ರ ಆಸುಪಾಸಿನಲ್ಲಿ ಈ ಕೆಲಸ ಅತ್ಯಂತ ಭರದಲ್ಲಿತ್ತು.

ಇಂಥ ಕೊಡಲಿಯೊಂದು ಕೈಗೆ ಬಂದರೆ ಅಸಲಿಯೇ ಎಂದು ನೋಡುವುದು ಅಷ್ಟೇನೂ ಕಷ್ಟವಲ್ಲ. ಇವತ್ತಿನ ಯಂತ್ರದಲ್ಲಿ ಉಜ್ಜಿದ ಕಲ್ಲಿನ ಮೇಲೆ ಗೀರುಗಳು ಅಳೆದಿಟ್ಟಂತೆ ಸಮಾನಾಂತರವಾಗಿರುತ್ತವೆ. ಕೈಯಿಂದ ಮಸೆದದ್ದರಲ್ಲಿ ಗೀರುಗಳ ದಿಕ್ಕು ಆಗಾಗ ಬದಲಾಗುತ್ತದೆ. ಬಾಯಿಯ ಹತ್ತಿರ ಬಳಕೆಯಿಂದ ಎದ್ದ ಸಣ್ಣ ಚಕ್ಕೆಗುರುತು ಇರುತ್ತದೆ, ಆ ಗುರುತಿನ ಒಳಗೂ ಕಂದು ಪದರ ಕೂತಿರುತ್ತದೆ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ 'ಫ್ಲಿಂಟ್ ಜಾಕ್' ಎಂದೇ ಹೆಸರಾದ ಎಡ್ವರ್ಡ್ ಸಿಂಪ್ಸನ್ ಶಿಲಾಯುಗದ ಉಪಕರಣಗಳನ್ನು ತಾನೇ ಮಾಡಿ ಸಂಗ್ರಾಹಕರಿಗೆ ಮಾರುತ್ತಿದ್ದ. ಅವನ ಕೈಚಳಕ ನೋಡಿ ಮೋಸಹೋದವರು ಕಲ್ಲಿನ ಆಕಾರ ನೋಡಿದ್ದರು, ಮೇಲ್ಮೈ ನೋಡಿರಲಿಲ್ಲ.

ಕಷ್ಟ ಬೇರೆ ಕಡೆ ಇದೆ. ಕೊಡಲಿ ಅಸಲಿ ಎಂದಾದ ಮೇಲೆ ಅದು ಎಲ್ಲಿಯದು? ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ಮಸೆದು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಖನಿಜಗಳ ಜೋಡಣೆ ಕಾಣುತ್ತದೆ. ಅದರಿಂದ ಶಿಲೆ ಯಾವ ಬಗೆಯದು, ಯಾವ ಡೋಲೆರೈಟ್ ಸಾಲಿನ ಕಲ್ಲಿಗೆ ಹೊಂದುತ್ತದೆ ಎಂದು ಹೇಳಬಹುದು. ಆದರೆ ಅದು ಮನೆಯ ನೆಲದಲ್ಲಿ ಸಿಕ್ಕಿತೋ, ಸಮಾಧಿಯಲ್ಲೋ, ಅರ್ಧಕ್ಕೆ ಕೈಬಿಟ್ಟ ಕಸದ ರಾಶಿಯಲ್ಲೋ ಎಂಬುದನ್ನು ಯಾವ ಸೂಕ್ಷ್ಮದರ್ಶಕವೂ ಹೇಳದು. ಅದನ್ನು ಹೇಳಬೇಕಾದವರು ಎತ್ತಿಕೊಂಡವರು.

ಇದನ್ನು ಚೆನ್ನಾಗಿ ಬಲ್ಲವರು ರಾಬರ್ಟ್ ಬ್ರೂಸ್ ಫೂಟ್. 1834ರಲ್ಲಿ ಹುಟ್ಟಿ 1858ರಲ್ಲಿ ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆ ಸೇರಿದ ಫೂಟ್ 1863ರ ಮೇ 30ರಂದು ಮದ್ರಾಸಿನ ಹತ್ತಿರದ ಪಲ್ಲಾವರದಲ್ಲಿ ಹಳೆಶಿಲಾಯುಗದ ಉಪಕರಣವನ್ನು ಗುರುತಿಸಿದವರು. ಬಳ್ಳಾರಿ ಸೀಮೆಯನ್ನು ಅವರು ಬೆಟ್ಟ ಬೆಟ್ಟವಾಗಿ ನಡೆದರು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ಕುರಿತ ಅವರ ಸಂಪುಟ 1895ರಲ್ಲಿ ಬಂತು. ದಾರಿಯಲ್ಲಿ ಆಯ್ದ ಸಾವಿರಾರು ಕಲ್ಲು, ಮಡಕೆಚೂರುಗಳನ್ನು ಊರು ಮತ್ತು ನೆಲೆಗಳ ಪ್ರಕಾರ ವಿಂಗಡಿಸಿ ಪಟ್ಟಿ ಮಾಡಿದರು. ಆ ಸಂಗ್ರಹ ಮದ್ರಾಸ್ ಮ್ಯೂಸಿಯಂ ಸೇರಿತು. ಅದರ ವಿವರಪಟ್ಟಿ 1912ರಲ್ಲಿ ಅವರು ತೀರಿಕೊಂಡ ಮೇಲೆ ಪ್ರಕಟವಾಯಿತು. ನೂರು ವರ್ಷ ಕಳೆದರೂ ಸಂಶೋಧಕರು ಆ ಪಟ್ಟಿ ಹಿಡಿದು ನೆಲೆಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಊರಿನ ಹೆಸರು ಬರೆಯದೆ ಬರೀ ಅಂದದ ಕೊಡಲಿಗಳನ್ನು ಕೂಡಿಹಾಕಿದ್ದರೆ ಫೂಟರ ಸಂಗ್ರಹ ಒಂದು ಕಪಾಟು ತುಂಬ ಕಲ್ಲಾಗಿ ಉಳಿಯುತ್ತಿತ್ತು. ಬಳ್ಳಾರಿಯ ಸಂಗನಕಲ್ಲು ವಸ್ತುಸಂಗ್ರಹಾಲಯಕ್ಕೆ ಅವರ ಹೆಸರಿಟ್ಟಿರುವುದು ಸರಿಯಾಗಿಯೇ ಇದೆ.

ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಈ ಶಿಸ್ತು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 1963–64ರಲ್ಲಿ ಎಂ.ಎಸ್. ನಾಗರಾಜರಾವ್ ಅಲ್ಲಿನ ಬೆಟ್ಟದ ಮೇಲೆ ಉತ್ಖನನ ನಡೆಸಿದರು. ಕೈಲಾಶ್ ಮಲ್ಹೋತ್ರ ಅಲ್ಲಿ ಸಿಕ್ಕ ಅಸ್ಥಿಗಳನ್ನು ಅಭ್ಯಸಿಸಿದರು. ಗುಡಿಸಲುಗಳ ನೆಲ, ಸಮಾಧಿ, ಕಲ್ಲುಕೊಡಲಿಗಳ ಜೊತೆ ತಾಮ್ರವೂ ಒಂದಿಷ್ಟು ಚಿನ್ನದ ಆಭರಣವೂ ಸಿಕ್ಕವು. ನವಶಿಲಾಯುಗದ ಹಳ್ಳಿಯಲ್ಲಿ ಚಿನ್ನ! ಅಂಗಡಿಯಲ್ಲೋ ಯಾರದೋ ಪೆಟ್ಟಿಗೆಯಲ್ಲೋ ಅದು ಕಂಡಿದ್ದರೆ ಒಬ್ಬರೂ ನಂಬುತ್ತಿರಲಿಲ್ಲ. ನಂಬುವಂತೆ ಮಾಡಿದ್ದು ಅದು ಸಿಕ್ಕ ಮಣ್ಣಿನ ಪದರ ಮತ್ತು ಅಲ್ಲಿನ ಇದ್ದಿಲು.

ಇದ್ದಿಲಿನ ಲೆಕ್ಕ ಹೀಗೆ. ಜೀವವಿರುವ ತನಕ ಗಿಡಮರಗಳು ಗಾಳಿಯಿಂದ ಇಂಗಾಲ ಹೀರುತ್ತವೆ. ಅದರಲ್ಲಿ ಅತ್ಯಲ್ಪ ಪ್ರಮಾಣದ ವಿಕಿರಣಶೀಲ ಇಂಗಾಲ-14 ಇರುತ್ತದೆ. ಮರ ಸತ್ತ ಮೇಲೆ ಹೊಸ ಇಂಗಾಲ ಬರುವುದಿಲ್ಲ, ಇದ್ದದ್ದು 5,730 ವರ್ಷಕ್ಕೆ ಅರ್ಧದಂತೆ ಕರಗುತ್ತದೆ. ಉಳಿದದ್ದನ್ನು ಅಳೆದರೆ ಮರ ಸತ್ತ ಕಾಲ ತಿಳಿಯುತ್ತದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಳೆದ ಮಾದರಿಗಳಿಗೆ 'ಟಿ.ಎಫ್.' ಎಂಬ ಗುರುತು ಹಾಕಿ ನಂಬರು ಕೊಡುತ್ತಿದ್ದರು. ತೆಕ್ಕಲಕೋಟೆಯ ಇದ್ದಿಲು ಆ ನಂಬರುಗಳ ಕೆಳಗೆ ಕ್ರಿ.ಪೂ. ಎರಡನೇ ಸಹಸ್ರಮಾನಕ್ಕೆ ಸೇರಿತು. ಕಲ್ಲಿಗೆ ಅಥವಾ ಚಿನ್ನಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ, ಅವು ಎಂದೂ ಉಸಿರಾಡಿದ್ದಿಲ್ಲ. ಪಕ್ಕದಲ್ಲಿದ್ದ ಇದ್ದಿಲು ಅವುಗಳ ಪರವಾಗಿ ಸಾಕ್ಷಿ ಹೇಳಬೇಕು. ಪಕ್ಕದಲ್ಲಿ ಇತ್ತು ಎಂಬುದನ್ನು ಅಗೆದವರು ಬರೆದಿಡದಿದ್ದರೆ ಆ ಸಾಕ್ಷಿಯೂ ಇಲ್ಲ. ಈಚಿನ ವರ್ಷಗಳಲ್ಲಿ ಇದ್ದಿಲಿನ ಬದಲು ಸುಟ್ಟುಹೋದ ಒಂದೊಂದು ಕಾಳನ್ನೇ ಅಳೆಯುವ ವಿಧಾನ ಬಂದಿದೆ. ಇದ್ದಿಲಾಗುವ ಹೊತ್ತಿಗೇ ಮರದ ತೊಲೆ ನೂರು ವರ್ಷ ಹಳೆಯದಿರಬಹುದು. ಸಂಗನಕಲ್ಲಿನಲ್ಲಿ ಸಿಕ್ಕ ಹುರುಳಿ, ಹೆಸರುಕಾಳು ಬೆಳೆದ ವರ್ಷ ಬಿಟ್ಟು ಬೇರೆ ವರ್ಷ ಹೇಳಲಾರವು.

ವಸ್ತು ಯಾವ ಕಾಲದ್ದು ಎಂಬುದಿರಲಿ, ಅದು ಏನು ಎಂಬುದೇ ನೂರು ವರ್ಷ ಗೊತ್ತಾಗದೆ ಉಳಿದದ್ದೂ ಬಳ್ಳಾರಿಯಲ್ಲಿದೆ. ಕುಡತಿನಿಯ ಬೂದಿದಿಬ್ಬವನ್ನು ಜನ ರಾಕ್ಷಸರನ್ನು ಸುಟ್ಟ ಬೂದಿ ಎಂದು ನಂಬಿದ್ದರು. ಫೂಟ್ ಅದು ಸೆಗಣಿಯ ಬೂದಿ ಎಂದರು. ರಾಬರ್ಟ್ ಸೀವೆಲ್ 1899ರಲ್ಲಿ ಈ ದಿಬ್ಬಗಳ ಬಗ್ಗೆ ಬರೆದಾಗ ಅವು ವಿಜಯನಗರ ಕಾಲದವಿರಬಹುದೆಂಬ ಕಡೆಗೆ ವಾಲಿದರು. ಲೋಹ ಕರಗಿಸಿದ ಕಿಟ್ಟ ಎಂದವರೂ ಇದ್ದರು. 1960ರಲ್ಲಿ ಲಂಡನ್ನಿನ ಎಫ್.ಇ. ಝೊಯ್ನರ್ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಹುಲ್ಲು ತಿಂದ ದನದ ಸೆಗಣಿಯೇ ಅತಿಯಾದ ಉರಿಯಲ್ಲಿ ಕರಗಿ ಗಾಜಿನಂತಾಗಿದೆ ಎಂದು ತೋರಿಸಿದರು. ಫೂಟ್ ಗೆದ್ದರು. ಕಪ್ಪಗಲ್ಲಿನ ಬಂಡೆಗಳಲ್ಲಿ ದನಗಳೇ ಯಾಕೆ ತುಂಬಿವೆ ಎಂಬುದಕ್ಕೂ ಉತ್ತರ ಅಲ್ಲಿಯೇ ಇತ್ತು: ಇದು ದನಗಾಹಿಗಳ ನಾಡಾಗಿತ್ತು.

ಕುರುಗೋಡಿಗೆ ಬಂದರೆ ಕಲ್ಲಿನ ಜೊತೆ ಅಕ್ಷರವೂ ಸೇರಿಕೊಳ್ಳುತ್ತದೆ. ದೊಡ್ಡಬಸವೇಶ್ವರನ ಭಾರಿ ನಂದಿಯಿಂದ ಹೆಸರಾದ ಈ ಊರು ಸಿಂದ ಅರಸರ ರಾಜಧಾನಿಯಾಗಿತ್ತು. ಅವರ ಹನ್ನೆರಡನೇ ಶತಮಾನದ ಶಾಸನಗಳನ್ನು ಎಲ್.ಡಿ. ಬಾರ್ನೆಟ್ 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಸಂಪಾದಿಸಿ ಪ್ರಕಟಿಸಿದರು. ಶಾಸನ ಓದುವವರು ಮೊದಲು ಪಡಿಯಚ್ಚು ತೆಗೆಯುತ್ತಾರೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಕಾಗದವನ್ನು ಅಕ್ಷರದ ಗುಂಡಿಗಳೊಳಗೆ ಇಳಿಸುತ್ತಾರೆ. ಅರೆ ಒಣಗಿದಾಗ ಮಸಿಯುಂಡೆ ಒತ್ತುತ್ತಾರೆ. ಕಲ್ಲಿನ ಮೈ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಕಣ್ಣಿಗೆ ಕಾಣದ ಗೀರು ಕೂಡ ಆ ಕಾಗದದಲ್ಲಿ ಮೂಡುತ್ತದೆ.

ನಕಲಿ ಶಾಸನಗಳೂ ಇದ್ದವು. ಕಲ್ಲಿನವು ಅಪರೂಪ, ತಾಮ್ರಪಟಗಳಲ್ಲಿ ಹೆಚ್ಚು. ಇವು ಕೂಟಶಾಸನಗಳು. ಕಾರಣ ಸ್ಪಷ್ಟ: ತಾಮ್ರಪಟ ಎಂದರೆ ಭೂಮಿಯ ಹಕ್ಕುಪತ್ರ. ಹರ್ಷವರ್ಧನನ ಮಧುಬನ್ ತಾಮ್ರಪಟದಲ್ಲೇ ಇಂಥ ಪ್ರಕರಣವಿದೆ. ಒಬ್ಬಾತ ಕೂಟಶಾಸನದ ಬಲದಿಂದ ಹಳ್ಳಿಯೊಂದನ್ನು ಅನುಭವಿಸುತ್ತಿದ್ದನೆಂದೂ, ಹರ್ಷ ಅದನ್ನು ಒಡೆಸಿ ಊರನ್ನು ಬೇರೆಯವರಿಗೆ ದಾನಮಾಡಿದನೆಂದೂ ಅಲ್ಲಿ ಬರೆದಿದೆ. ಕರ್ನಾಟಕದಲ್ಲಿ ಗಂಗರ ತಾಮ್ರಪಟಗಳ ಬಗ್ಗೆ ಶಾಸನತಜ್ಞರಾದ ಬಿ.ಎಲ್. ರೈಸ್ ಮತ್ತು ಜೆ.ಎಫ್. ಫ್ಲೀಟ್ ನಡುವೆ ವರ್ಷಗಟ್ಟಲೆ ವಾದ ನಡೆಯಿತು. ಶಕ 388ರ ಮಿತಿ (ಕಾಲನಮೂದು) ಹೊತ್ತ ಮಡಿಕೇರಿ ತಾಮ್ರಪಟದ ಲಿಪಿ ಹಲವು ಶತಮಾನ ಈಚಿನದು ಎಂಬುದು ಫ್ಲೀಟರ ಆಕ್ಷೇಪವಾಗಿತ್ತು.

ಇವೆಲ್ಲಕ್ಕಿಂತ ರೋಚಕವಾದದ್ದು ಬಿದನೂರು ಸೀಮೆಯ ಗೌಜ ಅಗ್ರಹಾರದ ತಾಮ್ರಪಟ. ಪರೀಕ್ಷಿತನ ಮಗ ಜನಮೇಜಯ ಸರ್ಪಯಾಗದ ಸಂದರ್ಭದಲ್ಲಿ, ಸೂರ್ಯಗ್ರಹಣದ ದಿನ ಕೊಟ್ಟ ದಾನ ಎಂದು ಅದು ಹೇಳಿಕೊಳ್ಳುತ್ತದೆ. ಮಹಾಭಾರತದ ಅರಸನ ಸಹಿ ಕೈಗೆ ಸಿಕ್ಕಿದಂತೆಯೇ! ಆದರೆ ಅದರಲ್ಲಿದ್ದ ಗ್ರಹಣದ ವಿವರವನ್ನು ಇಂಗ್ಲೆಂಡಿನ ರಾಜಖಗೋಳಜ್ಞ ಜಾರ್ಜ್ ಏರಿ ಲೆಕ್ಕಹಾಕಿದಾಗ ಬಂದ ದಿನ 1521ರ ಏಪ್ರಿಲ್ 7. ಅಂದರೆ ಕೃಷ್ಣದೇವರಾಯನ ಕಾಲ. ಆಕಾಶದ ಲೆಕ್ಕವನ್ನು ತಾಮ್ರ ಬಡಿಯುವವನು ತಿದ್ದಲಾಗಲಿಲ್ಲ.

ಮಿತಿಯ ಪರೀಕ್ಷೆಯ ಬಲ ಇರುವುದು ಇಲ್ಲಿ. ನಮ್ಮ ಶಾಸನಗಳು ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಎಂದು ಒಂದೇ ದಿನವನ್ನು ಹಲವು ಬಗೆಯಲ್ಲಿ ಹೇಳುತ್ತವೆ. ಇವು ಬೇರೆ ಬೇರೆ ವೇಗದಲ್ಲಿ ತಿರುಗುವ ಚಕ್ರಗಳು. ಬಾಯಿಗೆ ಬಂದ ವಾರ ಬರೆದರೆ ಸರಿಹೊಂದುವ ಸಾಧ್ಯತೆ ಏಳರಲ್ಲಿ ಒಂದು. ಸಂವತ್ಸರವನ್ನೂ ಊಹಿಸಿ ಬರೆದರೆ ಎರಡೂ ಹೊಂದುವುದು 420ರಲ್ಲಿ ಒಂದು ಸಲ. ಮುನ್ನೂರು ವರ್ಷ ಹಿಂದಿನ ತಿಥಿಗೆ ಯಾವ ವಾರವಿತ್ತು ಎಂದು ಗುಣಿಸಿ ನೋಡುವ ಶಕ್ತಿ ಹೆಚ್ಚಿನ ಕೂಟಶಾಸನಕಾರರಿಗೆ ಇರಲಿಲ್ಲ. 1896ರಲ್ಲಿ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತ್ ಸೇರಿ ಭಾರತೀಯ ಪಂಚಾಂಗದ ಕೋಷ್ಟಕಗಳನ್ನು ಪ್ರಕಟಿಸಿದರು. 1922ರಲ್ಲಿ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆ ಕ್ರಿ.ಶ. 700ರಿಂದ 1799ರವರೆಗಿನ ಒಂದೊಂದು ದಿನವನ್ನೂ ಕೊಟ್ಟರು. ಅಲ್ಲಿಂದ ಮುಂದೆ ಈ ಪರೀಕ್ಷೆ ಯಾವ ವಿದ್ಯಾರ್ಥಿಯ ಕೈಗೂ ಎಟುಕುವಂತಾಯಿತು.

ಹಾಗೆಂದು ಮಿತಿ ಹೊಂದದಿದ್ದರೆಲ್ಲ ನಕಲಿ ಎನ್ನುವಂತಿಲ್ಲ. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ಶಾಸನವಿದೆ: ಶಕ 1430, ಶುಕ್ಲ ಸಂವತ್ಸರ, ಮಾಘ ಶುದ್ಧ 14. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದಾಗ ಉಳಿಯುವ ಸಂಖ್ಯೆ ಸಂವತ್ಸರದ ಕ್ರಮಾಂಕ. ಓದುಗರು ಬೇಕಾದರೆ ಮಾಡಿ ನೋಡಬಹುದು: 1430ಕ್ಕೆ ಉಳಿಯುವುದು 2, ಅಂದರೆ ವಿಭವ. ಶುಕ್ಲ ಬರುವುದು 1431ಕ್ಕೆ. ಈ ಒಂದು ವರ್ಷದ ವ್ಯತ್ಯಾಸದಿಂದ ಪಟ್ಟಾಭಿಷೇಕದ ಇಸವಿ 1509 ಎನ್ನುವವರೂ ಇದ್ದಾರೆ, 1510 ಎನ್ನುವವರೂ ಇದ್ದಾರೆ. ಆದರೂ ಶಾಸನ ನಕಲಿ ಎಂದು ಯಾರೂ ಅನ್ನುವುದಿಲ್ಲ. ಲಿಪಿ, ಭಾಷೆ, ನಿಂತ ಜಾಗ, ಅದು ಹೇಳುವ ಕಟ್ಟಡದ ಕೆಲಸ ಎಲ್ಲವೂ ಒಂದಕ್ಕೊಂದು ಕೂಡುತ್ತವೆ. ಒಂದೇ ಪರೀಕ್ಷೆಯ ಮೇಲೆ ತೀರ್ಪು ಕೊಡುವವರ ಬಗ್ಗೆ ಎಚ್ಚರದಿಂದಿರಬೇಕು ಎನ್ನುವುದು ಇದಕ್ಕೇ.

ಇನ್ನು ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು. ತುಂಗಭದ್ರೆಯ ದಡದ ಈ ಊರಿನಲ್ಲಿ ಮತ್ತು ಅದೇ ತಾಲ್ಲೂಕಿನ ಉಡೇಗೋಳದಲ್ಲಿ 1977–78ರ ಸುಮಾರಿಗೆ ಅಶೋಕನ ಶಾಸನಗಳು ಬೆಳಕಿಗೆ ಬಂದವು. ದೇಶದಲ್ಲಿ ಅಶೋಕನ ಶಾಸನಗಳು ಎಷ್ಟೋ ಇವೆ. ಬಹುಪಾಲು ಎಲ್ಲದರಲ್ಲೂ ಅರಸ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳ ಹಿಂದೆ ಅಡಗಿದ್ದಾನೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದಾಗಲೂ ಈ ಅರಸ ಯಾರೆಂದು ತಿಳಿಯಲು ಸಿಂಹಳದ ಗ್ರಂಥಗಳ ಮೊರೆ ಹೋಗಬೇಕಾಯಿತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಕಂಡ ಶಾಸನದಲ್ಲಿ ಅಶೋಕ ಎಂಬ ಹೆಸರೇ ಸಿಕ್ಕಿತು. ಮಧ್ಯಪ್ರದೇಶದ ಗುಜ್ಜರ್ರಾ ಬಿಟ್ಟರೆ ಹೆಸರು ಹೇಳುವ ಇನ್ನೆರಡು ಶಾಸನಗಳು ಇವೇ, ನಿಟ್ಟೂರಿನದು ಮತ್ತು ಉಡೇಗೋಳದ್ದು.

ಇವು ಅಸಲಿ ಎಂದು ಹೇಗೆ ಗೊತ್ತು? ಬ್ರಾಹ್ಮಿಯ ಆ ಹಳೆಯ ರೂಪವನ್ನು ಜನ ನೂರಾರು ವರ್ಷ ಪೂರ್ತಿ ಮರೆತಿದ್ದರು. 1837ಕ್ಕೆ ಮೊದಲಿನ ಮೋಸಗಾರನಿಗೆ ಅದನ್ನು ಬರೆಯಲು ಬರುತ್ತಿರಲಿಲ್ಲ. ಆಮೇಲಿನವನು ಕೆತ್ತಿದ್ದರೆ ಕಲ್ಲಿನ ಗಾಯ ಇನ್ನೂ ಹಸಿಯಾಗಿರುತ್ತಿತ್ತು. ಜೊತೆಗೆ ಇಲ್ಲಿನ ಪಾಠ ಬೇರೆ ಊರುಗಳ ಪ್ರತಿಗಳ ಜೊತೆ ಹೊಂದುತ್ತದೆ, ಆದರೆ ಅಕ್ಷರಕ್ಕೆ ಅಕ್ಷರ ಅಲ್ಲ; ಬೇರೆ ಬೇರೆ ಲಿಪಿಕಾರರು ಬರೆದಾಗ ಆಗುವಂಥ ಸಹಜ ವ್ಯತ್ಯಾಸಗಳು ಇವೆ. ಕಪ್ಪಗಲ್ಲಿನಲ್ಲಿ ಎತ್ತಿನ ಚಿತ್ರಕ್ಕೆ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಅಕ್ಷರಕ್ಕೆ ಕೇಳಲಾಗಿದೆ. ಒಂದು ವ್ಯತ್ಯಾಸವಿದೆ. ಅಶೋಕನ ಶಾಸನ ಸಂರಕ್ಷಿತ ಸ್ಮಾರಕ, ಅದನ್ನು ಮುಟ್ಟುವವರಿಲ್ಲ. ಹೊಲದ ಬದುವಿನ ಕೊಡಲಿಗೆ, ಹೆಸರಿಲ್ಲದ ಗುಡ್ಡದ ಚಿತ್ರಕ್ಕೆ ಅಂಥ ರಕ್ಷಣೆ ಸಿಗುವುದಿಲ್ಲ.

ಸಿರುಗುಪ್ಪ, ಕುರುಗೋಡು, ಬಳ್ಳಾರಿ ಸುತ್ತಿನ ಹೊಲಗಳಲ್ಲಿ ಟ್ರಾಕ್ಟರು ಉಳುವಾಗ ನುಣುಪಾದ ಕಲ್ಲು, ಬೂದಿಬಣ್ಣದ ಮಡಕೆಚೂರು, ನಾಣ್ಯ ಮೇಲೆ ಬಂದರೆ ಓದುಗರಲ್ಲಿ ಒಂದು ಕೋರಿಕೆ. ಮೊದಲು ಅದು ಬಿದ್ದಲ್ಲೇ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ಪೆನ್ನು ಇಟ್ಟರೆ ಅಳತೆಯೂ ಸಿಗುತ್ತದೆ. ಹುಣಸೆಹಣ್ಣು, ಸೋಪು ಹಾಕಿ ತೊಳೆಯಬೇಡಿ, ಮೇಲಿನ ಪದರವೇ ಅದರ ವಯಸ್ಸಿನ ಸಾಕ್ಷಿ. ಊರು, ಹೊಲದ ಸರ್ವೆ ನಂಬರು, ಎಷ್ಟು ಆಳದಲ್ಲಿ ಸಿಕ್ಕಿತು, ಜೊತೆಗೆ ಏನಿತ್ತು, ಯಾವ ದಿನ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಡಿ. ಮಾರಲು ಹೋಗಬೇಡಿ, ನೂರು ವರ್ಷ ಮೀರಿದ ಇಂಥ ವಸ್ತುಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಬಳ್ಳಾರಿಯ ವಸ್ತುಸಂಗ್ರಹಾಲಯಕ್ಕೋ ಪುರಾತತ್ವ ಇಲಾಖೆಗೋ ತಿಳಿಸಿ. ಆ ಚೀಟಿಯನ್ನು ಬರೆಯಬಲ್ಲವರು ಕಲ್ಲನ್ನು ಮೊದಲು ಎತ್ತಿಕೊಂಡ ನೀವು ಮಾತ್ರ.